ಸೋಮವಾರ ಹೂಡದ ಯಂತ್ರಗಳು

ಹೋದ ತಿಂಗಳು ಪರೀಕ್ಷೆಯ ಕೆಲಸವಿತ್ತೆಂದು ಹುಬ್ಬಳ್ಳಿಯ ನಮ್ಮ ಹಳೆಯ ಕಾಲೇಜಿಗೆ ಹೋಗಿದ್ದೆ. ನಾನು ಅಲ್ಲಿಯ ನೌಕರಿ ಬಿಟ್ಟು ಧಾರವಾಡದ ಕಾಲೇಜೊಂದನ್ನು ಸೇರಿ ಕೆಲವು ವರ್ಷಗಳಾದವು. ಮಾಳಮಡ್ಡಿಯ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಕೆಲಸ ಸಿಕ್ಕಾಗ ದಿನಾ ಹುಬ್ಬಳ್ಳಿಯವರೆಗೆ ಚಿಗರಿ ಬಸ್ಸಿನಲ್ಲಿ ಜೋತುಬೀಳುವ ಹುಚ್ಚು ಯಾರಿಗೆ ಬೇಕು? ಕೆಲಸ ಮುಗಿಸಿ, ಬಂದದ್ದು ಬಂದಿದ್ದೇನೆ, ಮೇಲಿನ ಮಹಡಿಯ ಲ್ಯಾಬ್ ನೋಡಿಕೊಂಡೇ ಹೋಗೋಣವೆಂದು ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದಿತ್ತು. ಕಂಪ್ಯೂಟರುಗಳೆಲ್ಲ ಗುಂಯ್ ಎನ್ನುತ್ತಿದ್ದವು, ಆದರೆ ಒಂದರ ಮುಂದೆಯೂ ಮನುಷ್ಯರಿರಲಿಲ್ಲ. ಕಾದ ಧೂಳಿನ ವಾಸನೆ, ಅದರೊಳಗೆ ತುಸು ವಿಭೂತಿಯ ವಾಸನೆ. ಮೇಲ್ ನೋಡೋಣವೆಂದು ಹತ್ತಿರದ ಕುರ್ಚಿಯಲ್ಲಿ ಕೂತು ಕೀಬೋರ್ಡಿನ ಮೇಲೆ ಕೈಯಿಟ್ಟೆನಷ್ಟೇ.

“ಏ ಸುಧಾ! ಮುಟ್ಟಬ್ಯಾಡ!”

ಬೆಚ್ಚಿಬಿದ್ದೆ. ಬಾಗಿಲಲ್ಲಿ ಗ್ರೇಸ್ ನಿಂತಿದ್ದಳು. ಗ್ರೇಸ್ ನನ್ನ ಗೆಳತಿ. ಒಂದು ಕಾಲಕ್ಕೆ ಇದೇ ಲ್ಯಾಬಿನಲ್ಲಿ ನನ್ನ ಪಕ್ಕದ ಕುರ್ಚಿಯವಳು, ಈಗ ಇಡೀ ಲ್ಯಾಬಿನ ಯಜಮಾನಿ.

“ಇವತ್ತ ಯಾವ ವಾರ?” ಎಂದು ಕೇಳಿದಳು, ಸಾಲಿ ಮಕ್ಕಳಿಗೆ ಕೇಳುವ ಧಾಟಿಯಲ್ಲಿ.

“ಸೋಮವಾರ,” ಎಂದೆ. ಕೈ ಹಾಗೇ ಕೀಬೋರ್ಡಿನ ಮೇಲೆ ಉಳಿಯಿತು. ಆ ಒಂದು ಬೇಸಿಗೆ ಇಡಿಯಾಗಿ ಕಣ್ಣ ಮುಂದೆ ಬಂದು ನಿಂತಿತು.

ಆ ವರ್ಷ ನಾವಿಬ್ಬರೂ ಇಲ್ಲಿ ಪಾಠ ಹೇಳುತ್ತಲೇ ವಿಭಾಗದ ಮುಖ್ಯಸ್ಥರಾದ ಪಾಟೀಲ ಸರ್ ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆವು. ನನ್ನದು ಆಗಷ್ಟೇ ಶುರುವಾಗಿತ್ತು, ಗ್ರೇಸಳದು ಮುಗಿಯುವ ಹಂತಕ್ಕೆ ಬಂದಿತ್ತು. ಹತ್ತಿಯ ಫೋಟೋಗಳನ್ನು ನೋಡಿ ಅದರ ದರ್ಜೆ ಹೇಳುವ ಒಂದು ತಂತ್ರಾಂಶವನ್ನು ಅವಳು ಬರೆದಿದ್ದಳು. ಅದರ ಹೆಚ್ಚುಗಾರಿಕೆ ಏನೆಂದರೆ, ಒಂದೇ ಕಂಪ್ಯೂಟರಿನ ಮೇಲೆ ಭಾರ ಹಾಕದೆ ಲ್ಯಾಬಿನ ಎಲ್ಲ ಕಂಪ್ಯೂಟರುಗಳಿಗೂ ಕೆಲಸ ಹಂಚುತ್ತಿತ್ತು. ನಮ್ಮ ಕಡೆ ಮದುವೆಯ ಮನೆಯವರು ಹಿಟ್ಟನ್ನು ಓಣಿಯ ಮನೆಮನೆಗೆ ಹಂಚಿ ರೊಟ್ಟಿ ಬಡಿಸಿಕೊಳ್ಳುತ್ತಾರಲ್ಲ, ಹಾಗೆ. ಎಲ್ಲರ ಮನೆಯ ರೊಟ್ಟಿಯೂ ಬಂದು ಸೇರಿದ ಮೇಲೇ ಪಂಕ್ತಿ ಕೂರುತ್ತದೆ. ಒಬ್ಬಳ ಒಲೆ ಸರಿಯಾಗಿ ಉರಿಯದಿದ್ದರೂ ಊರೆಲ್ಲ ಹಸಿದು ಕೂರಬೇಕು.

ಪ್ರಬಂಧದ ಕರಡು ನೋಡಿದ ಹೊರಗಿನ ಪರೀಕ್ಷಕರು ಒಂದು ತಕರಾರು ತೆಗೆದಿದ್ದರು. ಯಾವ ಆಪರೇಟಿಂಗ್ ಸಿಸ್ಟಮ್ ಇದ್ದರೂ ನನ್ನ ತಂತ್ರಾಂಶ ಒಂದೇ ಸಮ ಓಡುತ್ತದೆ ಎಂದು ಬರೆದಿದ್ದೀರಿ, ಹಾಗಾದರೆ ವಿಂಡೋಸ್ ಮೇಲೊಮ್ಮೆ ಲಿನಕ್ಸ್ ಮೇಲೊಮ್ಮೆ ಓಡಿಸಿ ಹೋಲಿಕೆ ತೋರಿಸಿ, ಎಂದು. ವಿಶ್ವವಿದ್ಯಾಲಯ ಜೂನ್ ಕೊನೆಯವರೆಗೆ ಅವಧಿ ಕೊಟ್ಟಿತ್ತು. ಅದೇ ಕೊನೆಯದು, ಇನ್ನು ಮುಂದೆ ಇಲ್ಲ ಎಂದೂ ಹೇಳಿತ್ತು. ಜೂನ್ ದಾಟಿದರೆ ಗ್ರೇಸಳ ಏಳೆಂಟು ವರ್ಷದ ದುಡಿಮೆ ನೀರಲ್ಲಿ ಹೋಮ. ಪಿಎಚ್‌ಡಿ ಇಲ್ಲದೆ ನೌಕರಿ ಕಾಯಂ ಆಗುವುದೂ ಇಲ್ಲ.

ಪಾಟೀಲ ಸರ್ ಉಪ್ಪಿನಬೆಟಗೇರಿಯ ಒಕ್ಕಲುತನದ ಮನೆಯವರು. ನವನಗರದಲ್ಲಿ ಮನೆ ಕಟ್ಟಿಸಿ ಎಷ್ಟೋ ವರ್ಷಗಳಾಗಿದ್ದರೂ ಬಾಯಲ್ಲಿ ಹೊಲ, ಎತ್ತು, ನೊಗ ಬಿಟ್ಟರೆ ಬೇರೆ ಮಾತಿಲ್ಲ. ಅವರ ಊರ ಕಡೆ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಲ್ಯಾಬ್ ಶುರುವಾದ ದಿನವೇ ಸರ್ ಅದನ್ನು ಕಂಪ್ಯೂಟರಿಗೂ ಅನ್ವಯಿಸಿಬಿಟ್ಟಿದ್ದರು. “ದುಡಿಯೂ ಎತ್ತಿಗೆ ವಾರಕ್ಕೊಂದು ದಿನ ಐತಿ. ಇವಕ್ಕ ಬ್ಯಾಡೇನು? ಇವೂ ನಮಗ ಅನ್ನ ಹಾಕ್ತಾವಲಾ?” ಎಂದು ಸೋಮವಾರ ಲ್ಯಾಬಿಗೆ ಬೀಗ. ಕಂಪ್ಯೂಟರುಗಳೆಲ್ಲ ಬಂದ್. ಮಂಗಳವಾರ ಬೆಳಿಗ್ಗೆ ಬಂದು ಮೊದಲ ಕಂಪ್ಯೂಟರಿಗೆ ವಿಭೂತಿ ಹಚ್ಚಿಯೇ ಉಳಿದವುಗಳ ಗುಂಡಿ ಒತ್ತುತ್ತಿದ್ದರು. ಹೊಸಬರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು, ಆಮೇಲೆ ಒಗ್ಗಿಹೋಗುತ್ತಿದ್ದರು. ನಮ್ಮ ವೇಳಾಪಟ್ಟಿಯಲ್ಲಿ ಸೋಮವಾರದ ಸಾಲು ಖಾಲಿ ಇರುವುದು ಗೋಡೆಗೆ ಸುಣ್ಣ ಇರುವಷ್ಟೇ ಸಹಜವಾಗಿತ್ತು.

ಹೋಲಿಕೆಗೆ ಕಂಪ್ಯೂಟರುಗಳು ಅವೇ. ಒಂದೊಂದರಲ್ಲೂ ಎರಡೂ ವ್ಯವಸ್ಥೆಗಳಿದ್ದವು, ಬೇಕಾದದ್ದನ್ನು ಆರಿಸಿಕೊಂಡು ಶುರುಮಾಡಬಹುದಿತ್ತು. ವಾರದಲ್ಲಿ ಎರಡು ದಿನ ಮಧ್ಯಾಹ್ನದವರೆಗೆ ಲ್ಯಾಬ್ ನಮಗೆ, ಉಳಿದ ದಿನ ವಿದ್ಯಾರ್ಥಿಗಳಿಗೆ. ಸರ್ ಯೋಚಿಸಿ ಹಂಚಿದರು. “ಲಿನಕ್ಸ್ ಗುರುವಾರ ಓಡಸ್ರಿ. ವಿಂಡೋಸಿಗೆ ಮಂಗಳವಾರ ಇರಲಿ. ಅದು ಭಾರ ಭಾಳ ಹೊರತೈತಿ ಅಂತ ಎಲ್ಲಾರೂ ಬೈತಾರ. ಸೋಮವಾರ ದಣಿವಾರಿಸಿಕೊಂಡ ಎತ್ತು ಮಂಗಳವಾರ ಛಲೋ ಓಡತೈತಿ.” ಇನ್ನೊಂದು ಕಟ್ಟಪ್ಪಣೆಯನ್ನೂ ಮಾಡಿದರು: ಓಟ ನಡೆದಿರುವಾಗ ಯಾರೂ ಕಂಪ್ಯೂಟರನ್ನು ಮುಟ್ಟಕೂಡದು, ಏನನ್ನೂ ತೆರೆದು ನೋಡಕೂಡದು. ನೋಡಿದರೆ ಆ ನೋಟದ್ದೇ ಭಾರ ಬಿದ್ದು ಲೆಕ್ಕ ಕೆಡುತ್ತದೆ. ಅದು ಸರಿಯಾದ ಮಾತೇ. ಪರದೆ ಆರಿಸಿ, ಮಡಿಲಲ್ಲಿ ಕೈಯಿಟ್ಟುಕೊಂಡು ಕೂರುತ್ತಿದ್ದೆವು.

ಮೊದಲ ಮಂಗಳವಾರ ಓಟ ಮುಗಿದು ಫಲಿತಾಂಶ ಬಂದಾಗ ನಾನು ನಕ್ಕುಬಿಟ್ಟೆ, ಎಲ್ಲೋ ತಪ್ಪಾಗಿದೆ ಎಂದು. ಗುರುವಾರ ಲಿನಕ್ಸಿನ ಫಲಿತಾಂಶ ಬಂದ ಮೇಲೆ ನಗು ನಿಂತಿತು. ವಿಂಡೋಸ್ ಅದರ ಐದಾರು ಪಟ್ಟು ಹೊತ್ತು ತೆಗೆದುಕೊಂಡಿತ್ತು. ಸ್ವಲ್ಪ ಹಿಂದುಮುಂದಾಗಿದ್ದರೆ ಯಾರು ಕೇಳುತ್ತಿದ್ದರು? ಇದು ಕುದುರೆಗೂ ಕತ್ತೆಗೂ ಇರುವ ಅಂತರ. ಗ್ರೇಸ್ ನೀರಿನ ಬಾಟಲಿ ತೆಗೆದು, ಕುಡಿಯದೇ ಮತ್ತೆ ಮುಚ್ಚಿಟ್ಟಳು.

“ಮುಂದಿನ ವಾರ ಸರಿ ಆಗತದ ಬಿಡ,” ಎಂದೆ.

ಆಗಲಿಲ್ಲ. ಅದರ ಮುಂದಿನ ವಾರವೂ ಆಗಲಿಲ್ಲ. ಕೇಬಲ್ಲುಗಳನ್ನು ಬದಲಿಸಿದೆವು. ಗ್ರೇಸ್ ತಾನು ಬರೆದದ್ದನ್ನು ಸಾಲು ಸಾಲಾಗಿ ತಡಕಿದಳು. ತನ್ನ ಲ್ಯಾಪ್‌ಟಾಪಿನಲ್ಲಿ, ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ವಿಂಡೋಸ್ ಮೇಲೇ ಓಡಿಸಿ ನೋಡಿದಳು. ಚಿಗರೆಯಂತೆ ಓಡಿತು. ಲ್ಯಾಬಿನಲ್ಲಿ ಎಲ್ಲವೂ ಕೂಡಿದಾಗ ಮಾತ್ರ ಮುಗ್ಗರಿಸುತ್ತಿತ್ತು. ಅದಕ್ಕಿದ್ದದ್ದು ಒಂದೇ ಅರ್ಥ: ಕೆಲಸ ಹಂಚುವ ಭಾಗದಲ್ಲೇ ದೋಷವಿದೆ. ಅದೇ ಅವಳ ಪ್ರಬಂಧದ ಜೀವ.

ಆ ಏಪ್ರಿಲ್ಲಿನ ಬಿಸಿಲನ್ನು ನೆನೆದರೆ ಈಗಲೂ ಬಾಯಿ ಒಣಗುತ್ತದೆ. ಹುಬ್ಬಳ್ಳಿಯಲ್ಲಿ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಮೋಡ ಕಟ್ಟುವುದು, ಗುಡುಗುವುದು, ಹನಿ ಬೀಳದೆ ಹೋಗುವುದು. ಗ್ರೇಸಳ ತಾಯಿ ಮಿಷನ್ ಸಾಲಿಯ ಟೀಚರಾಗಿ ನಿವೃತ್ತರಾದವರು. ನನಗೂ ಸೇರಿಸಿ ಆಪೂಸು ಮಾವಿನಹಣ್ಣು ಕಳಿಸುತ್ತಿದ್ದರು. ಹಣ್ಣಿನ ಚೀಲ ಮೇಜಿನ ಮೇಲೆ ಹಾಗೇ ಇರುತ್ತಿತ್ತು, ಗ್ರೇಸಳಿಗೆ ಅದರ ಖಬರೇ ಇರುತ್ತಿರಲಿಲ್ಲ. ಕಡೆಗೆ ನಾನೇ ತಿಂದು ಮುಗಿಸುತ್ತಿದ್ದೆ. ಸಿಟ್ಟು ಬಂದರೂ ದುಃಖ ಬಂದರೂ ನನಗೆ ಹಸಿವು ಜಾಸ್ತಿ.

ಮೇ ತಿಂಗಳು ಬಂದಾಗ ಒಂದು ದಿನ ಚಹಾದ ಹೊತ್ತಿನಲ್ಲಿ, ವಿಭಾಗದ ಎಲ್ಲರೂ ಕೂತಿದ್ದಾಗ, ಗ್ರೇಸ್ ಮೆಲ್ಲಗೆ ಹೇಳಿದಳು: “ಸರ್, ನನಗ್ಯಾಕೋ ದೋಷ ತಂತ್ರಾಂಶದಾಗ ಇಲ್ಲ ಅನಸಾಕತ್ತೈತ್ರಿ. ಲ್ಯಾಬಿನಾಗ ಏನೋ ಐತಿ.”

ಯಾರೋ ಹಿಂದಿನಿಂದ “ಕುಣೀಲಾರದಾಕಿ ನೆಲಾ ಡೊಂಕ ಅಂದ್ಳಂತ” ಎಂದರು. ನಗು ಎದ್ದಿತು. ಸರ್ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

“ಗ್ರೇಸ್,” ಎಂದರು, “ಅದೇ ಹೊಲ, ಅದೇ ನೇಗಿಲು. ಗುರುವಾರ ಗೆರಿ ಕೊರದಂಗ ಹೊಡೀತೈತಿ, ಮಂಗಳವಾರ ಮಕ್ಕೊಂಡಬಿಡತೈತಿ. ತಾಜಾ ದಿನಾ ಕೊಟ್ಟೇನಿ ನಿನಗ. ಇನ್ನೇನ ಮಾಡ್ಲಿ? ನಿನ್ನ ಎತ್ತು ಕುಂಟ ಐತಿ ಅಂತ ಒಪ್ಪಿಕೋ. ಆ ಅಧ್ಯಾಯ ತಗದುಬಿಡು.”

ಅಧ್ಯಾಯ ತೆಗೆದರೆ ಪ್ರಬಂಧವೇ ನಿಲ್ಲುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸರ್ ಯಾರನ್ನೂ ನೋಯಿಸಿ ಆಡಿದವರಲ್ಲ. ಅದಕ್ಕೇ ಆ ಮಾತು ನನಗೆ ಕಪಾಳಕ್ಕೆ ಹೊಡೆದಂತಾಯಿತು, ಇನ್ನು ಅವಳಿಗೆ ಹೇಗಾಗಿರಬೇಡ! ಗ್ರೇಸ್ ಚಹಾದ ಕಪ್ಪು ತೊಳೆದಿಟ್ಟು ಹೊರಟಳು. ಧಾರವಾಡದ ಬಸ್ಸಿನಲ್ಲಿ ನವನಗರ ದಾಟಿದ ಮೇಲೆ ಬಾಯಿ ಬಿಟ್ಟಳು. “ಅವ್ವಗ ಹೇಳೇನಿ. ಜೂನಿನಿಂದ ಸಾಲ್ಯಾಗ ಗಣಿತ ಹೇಳಾಕ ಹೊಕ್ಕೇನಿ. ಸಾಕಾತು.”

“ಹುಚ್ಚಿದ್ದೀಯೇನ? ಇಷ್ಟು ವರ್ಷ ತೇದು...”

“ಕುಂಟ ಅಂದ್ರಲಾ ಸುಧಾ. ಎಲ್ಲಾರ ಮುಂದ.” ಅಷ್ಟೇ ಅಂದು ಕಿಟಕಿಯ ಕಡೆ ತಿರುಗಿದಳು.

ಆಮೇಲಿನ ವಾರ ಎರಡು ಸಂಗತಿಗಳು ಒಟ್ಟಿಗೆ ಬಂದವು. ಅಣ್ಣನ ಮಗಳ ಮದುವೆಯೆಂದು ಸರ್ ಉಪ್ಪಿನಬೆಟಗೇರಿಗೆ ಹೋದರು. ವಿಶ್ವವಿದ್ಯಾಲಯದವರು ನಮ್ಮ ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆಯನ್ನು ಸೋಮವಾರ ಇಟ್ಟರು. ವಿಶ್ವವಿದ್ಯಾಲಯಕ್ಕೆ ಬಸವಣ್ಣನ ವಾರ ಏನು ಗೊತ್ತು? ಪರೀಕ್ಷೆಯ ಉಸ್ತುವಾರಿ ನನ್ನದು. ಬೀಗ ತೆಗೆಯುವಾಗ ಯಾರದೋ ಮನೆಯ ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದಂತೆ ಅಳುಕಾಯಿತು. ಎಲ್ಲ ಕಂಪ್ಯೂಟರುಗಳನ್ನೂ ಬೆಳಿಗ್ಗೆಯೇ ವಿಂಡೋಸಿನಲ್ಲಿ ಹಚ್ಚಿಟ್ಟೆ. ಹುಡುಗರು ಮಧ್ಯಾಹ್ನ ಬಂದು ಪರೀಕ್ಷೆ ಬರೆದು ಹೋದರು. ಸಂಜೆ ಆಣೆಕಲ್ಲಿನ ಮಳೆ ಬಡಿದು, ಕಪ್ಪು ಮಣ್ಣಿನ ವಾಸನೆ ಮಹಡಿಯವರೆಗೂ ಏರಿ ಬಂತು.

ಮರುದಿನ ಗ್ರೇಸ್ ಬಂದದ್ದು ತನ್ನ ಸಾಮಾನು ಒಯ್ಯಲು. “ನಮ್ಮ ಸಲುವಾಗಿ ಇಟ್ಟ ದಿನಾ. ಕಡೀ ಸಲ ಓಡಿಸಿ ಬಿಡೂಣಲಾ,” ಎಂದು ನಾನೇ ಹಟ ಹಿಡಿದೆ. ಅವಳು ಗುಂಡಿ ಒತ್ತಿ, ಕಪಾಟು ಖಾಲಿ ಮಾಡತೊಡಗಿದಳು. ನಾನು ಕೆಳಗೆ ಚಹಾ ತರಲು ಹೋದೆ. ಅರ್ಧ ತಾಸಾದ ಮೇಲೆ ಎರಡು ಕಪ್ಪು ಹಿಡಿದು ಮೇಲೆ ಬಂದರೆ ಓಟ ಮುಗಿದುಹೋಗಿತ್ತು.

ಮುಗಿದುಹೋಗಿತ್ತು! ಮಧ್ಯಾಹ್ನ ಊಟದವರೆಗೂ ತೆವಳುತ್ತಿದ್ದದ್ದು ಅದು. ಫಲಿತಾಂಶ ನೋಡಿದೆ. ಲಿನಕ್ಸಿಗಿಂತ ಕೂದಲೆಳೆಯಷ್ಟು ಹಿಂದೆ. ಅಯ್ಯ ಶಿವನೇ! ಕಪ್ಪುಗಳನ್ನು ಮೇಜಿನ ಮೇಲಿಟ್ಟು ಗ್ರೇಸಳನ್ನು ಕೂಗಿದೆ.

ಗ್ರೇಸ್ ಪರದೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. “ಏನ ಮಾಡಿದಿ?”

“ನಾನೇನ ಮಾಡ್ಲಿ?”

“ಖರೇ ಹೇಳ. ನನ್ನ ಮ್ಯಾಲ ಕನಿಕರ ಬಂದು ಫಲಿತಾಂಶ ತಿದ್ದಿದೇನ?”

ನನಗೆ ನೆತ್ತಿಗೇರಿತು. “ನಿನ್ನ ತಲಿ ಕೆಟ್ಟದೇನು? ಚಹಾ ತರಲಿಕ್ಕೆ ಹೋದಾಕಿ ನಾನು! ಬೇಕಾದ್ರ ನಿನ್ನ ಕೈಲೆ ಇನ್ನೊಮ್ಮೆ ಓಡಸು, ನಾ ಬಾಗಲಾ ದಾಟಂಗಿಲ್ಲ!”

ಓಡಿಸಿದಳು. ಮತ್ತೆ ಅದೇ ವೇಗ. ಮತ್ತೊಮ್ಮೆ ಓಡಿಸಿದಳು. ಅದೇ. ಇಬ್ಬರೂ ಭೂತ ಕಂಡವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿದೆವು. ವಾರಗಟ್ಟಲೆ ಅವಳು ಒಂದು ಅಕ್ಷರವನ್ನೂ ಬದಲಿಸಿರಲಿಲ್ಲ, ಬದಲಿಸಲು ಏನೂ ಉಳಿದಿರಲಿಲ್ಲ.

“ಹೋದ ಮಂಗಳವಾರಕ್ಕೂ ಇವತ್ತಿಗೂ ಏನ ಫರಕು?” ಗ್ರೇಸ್ ತನಗೆ ತಾನೇ ಕೇಳಿಕೊಂಡಳು. “ನಿನ್ನೆ ಯಾರರೆ ಇಲ್ಲಿ ಬಂದಿದ್ರೇನು?”

“ಪರೀಕ್ಷಾ ಇತ್ತಲಾ. ಬೆಳಿಗ್ಗೆನ ಎಲ್ಲಾ ಹಚ್ಚಿ ಇಟ್ಟಿದ್ದೆ.”

“ಸೋಮವಾರ? ಲ್ಯಾಬ್ ತಗದಿದ್ದಿ?”

ಅಂದವಳೇ ಒಂದು ಕಂಪ್ಯೂಟರಿನ ಮುಂದೆ ಕೂತು ಏನೇನೋ ತೆರೆದಳು. ವೈರಸ್ ತಪಾಸಣೆಯ ವ್ಯವಸ್ಥೆ ಅದು. ಇಡೀ ಕಾಲೇಜಿನ ವಿಂಡೋಸಿಗೆಲ್ಲ ಒಂದೇ ಕಟ್ಟಳೆ ಹಾಕಿಟ್ಟಿದ್ದರು: ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ, ಕಡತಗಳನ್ನೆಲ್ಲ ಒಂದೊಂದಾಗಿ ಜಾಲಾಡಬೇಕು. ಅದರ ಕೆಳಗೆ ಇನ್ನೊಂದು ಸಾಲು. ಆ ಹೊತ್ತಿಗೆ ಕಂಪ್ಯೂಟರ್ ಬಂದ್ ಇದ್ದರೆ, ಮತ್ತೆ ಶುರುವಾದ ಕೂಡಲೇ ಆ ಕೆಲಸ ಮಾಡಬೇಕು.

ಬೇರೆ ಕಡೆಯ ಕಂಪ್ಯೂಟರುಗಳೆಲ್ಲ ಸೋಮವಾರವೇ ಆ ಕೆಲಸ ಮುಗಿಸುತ್ತಿದ್ದವು. ನಮ್ಮವಕ್ಕೆ ಸೋಮವಾರ ಬೀಗ. ಮಂಗಳವಾರ ಬೆಳಿಗ್ಗೆ ಸರ್ ವಿಭೂತಿ ಹಚ್ಚಿ ಗುಂಡಿ ಒತ್ತಿದ ಕೂಡಲೇ ಅಷ್ಟೂ ಕಂಪ್ಯೂಟರುಗಳು ಒಳಗೊಳಗೇ ಆ ಬಾಕಿ ಕೆಲಸಕ್ಕೆ ಇಳಿಯುತ್ತಿದ್ದವು. ಅದರ ಮೇಲೆ ನಾವು ಗ್ರೇಸಳ ಹತ್ತಿಯನ್ನೂ ಹೇರುತ್ತಿದ್ದೆವು. ಲಿನಕ್ಸಿಗೆ ಆ ಕಟ್ಟಳೆಯೇ ಇರಲಿಲ್ಲ. ತೆರೆದು ನೋಡಿದ್ದರೆ ಮೊದಲ ದಿನವೇ ಕಾಣುತ್ತಿತ್ತು, ಆದರೆ ಮುಟ್ಟಬೇಡಿರೆಂಬ ಅಪ್ಪಣೆ! ‘ಮಂಗಳವಾರ ಈ ಮಷೀನುಗಳಿಗೆ ಜಡ ಹಿಡೀತೈತಿ’ ಎಂದು ವಿದ್ಯಾರ್ಥಿಗಳು ಈ ಹೋಲಿಕೆಗೂ ಮೊದಲೇ ಆಡಿಕೊಳ್ಳುತ್ತಿದ್ದದ್ದು ಆಗ ನೆನಪಾಯಿತು. ರಜದ ಮರುದಿನ ಯಾರಿಗೆ ಜಡ ಹಿಡಿಯುವುದಿಲ್ಲ ಎಂದು ನಾವೆಲ್ಲ ನಕ್ಕಿದ್ದೆವು.

“ತಾಜಾ ದಿನಾ,” ಎಂದಳು ಗ್ರೇಸ್. ನಗಲು ಹೋಗಿ ಅತ್ತುಬಿಟ್ಟಳು. ನಾನೂ ಅತ್ತೆ. ಅಷ್ಟು ದಿನದ ಮಾವಿನಹಣ್ಣೆಲ್ಲ ಆಗ ಕಣ್ಣೀರಾಗಿ ಬಂದಿರಬೇಕು.

ಇನ್ನು ಸರ್‌ಗೆ ಹೇಳುವವರು ಯಾರು? ಬುಧವಾರ ಅವರು ಮದುವೆಯ ಬುಂದೆಲಾಡಿನ ಡಬ್ಬಿ ಹಿಡಿದು ಖುಷಿಯಲ್ಲಿ ಬಂದರು. ನಾನು ತೊದಲುತ್ತ ಸೋಮವಾರದ ಪರೀಕ್ಷೆಯ ಸುದ್ದಿ ಎತ್ತಿದೆ. ಅವರ ಹುಬ್ಬು ಗಂಟಾಯಿತು. “ಸೋಮವಾರ ಲ್ಯಾಬ್ ತಗದ್ರಿ? ನನಗೊಂದ ಮಾತ ಹೇಳೂದಲ್ಲೇನು?”

“ಸರ್, ಅದರಿಂದನ ಗೊತ್ತಾತ್ರಿ,” ಎಂದು ಗ್ರೇಸ್ ಎದ್ದು ನಿಂತಳು. ಮೊದಲಿನಿಂದ ಕೊನೆಯವರೆಗೆ ಹೇಳಿದಳು. ದನಿ ಏರಿಸಲಿಲ್ಲ. ‘ನಿಮ್ಮ ಸೋಮವಾರ’ ಎಂದು ಒಮ್ಮೆಯೂ ಅನ್ನಲಿಲ್ಲ, ‘ಬಂದ್ ಇದ್ದ ದಿನ’ ಎಂದಷ್ಟೇ ಅಂದಳು.

ಅಷ್ಟು ಎತ್ತರದ ಮನುಷ್ಯ ಕುರ್ಚಿ ಹಿಡಿದು ಕೂತರು. ಬಹಳ ಹೊತ್ತು ಡಬ್ಬಿಯ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದರು.

“ಅದು ಏನ ಮಾಡತಿತ್ತಂದಿ? ಆ ತಪಾಸಣಿ?” ಎಂದು ಕಡೆಗೆ ಕೇಳಿದರು.

“ಒಳಗ ಏನರ ಹುಳಾ ಹೊಕ್ಕಾವೇನು ಅಂತ ಹುಡುಕತಿತ್ರಿ, ಒಂದೊಂದ ಕಡತಾ ತಗದು.”

“ಉಣ್ಣಿ ಹೆಕ್ಕಿದಂಗ.”

“ಹೌದ್ರಿ ಸರ್.”

“ಯಪ್ಪಾ!” ಸರ್ ಹಣೆ ಬಡಿದುಕೊಂಡರು. “ಸೋಮವಾರ ನಮ್ಮಪ್ಪ ಎತ್ತಿನ ಕೊಳ್ಳಾಗ ನೊಗಾ ಇಡತಿರಲಿಲ್ಲ, ಖರೇ. ಆದ್ರ ಮುಂಜಾನೆದ್ದು ಹಳ್ಳಕ್ಕ ಒಯ್ದು ಮೈ ತೊಳೀತಿದ್ದ. ಬಾಲದ ಬುಡದಾಗ, ಕಿವ್ಯಾಗ ಕೈ ಹಾಕಿ ಉಣ್ಣಿ ಹೆಕ್ಕತಿದ್ದ. ವಾರ ಹಿಡಿಯೂದಂದ್ರ ಅದವಾ! ನಾ ಏನ ಮಾಡಿದೆ? ಹೂಡಬಾರದು ಅನ್ನೂದಷ್ಟ ನೆನಪ ಇಟ್ಟೆ. ಕೊಟಗ್ಯಾಗ ಕತ್ತಲಾಗ ಕಟ್ಟಿ ಬೀಗಾ ಹಾಕಿದೆ.”

ಅವರ ನಂಬಿಕೆಯನ್ನು ಅವರ ಕೈಗೇ ಮುರಿದು ಕೊಟ್ಟೆವೇನೋ ಎಂದು ನನಗೆ ಹೆದರಿಕೆಯಾಗಿತ್ತು. ತಪಾಸಣೆಯ ದಿನ ಬದಲಿಸಿದರೂ ಸಾಕು, ಸೋಮವಾರ ಹಾಗೇ ಇರಲಿ ಎಂದು ಗ್ರೇಸ್ ಮೆತ್ತಗೆ ಹೇಳಿಯೂ ನೋಡಿದಳು. ಸರ್ ತಲೆಯಾಡಿಸಿದರು, ಬೇಡ ಎಂದು. ಆ ಮುಂದಿನ ಸೋಮವಾರ ಎಲ್ಲರಿಗಿಂತ ಮೊದಲು ಬಂದು ತಾವೇ ಬೀಗ ತೆಗೆದು ಮೊದಲ ಕಂಪ್ಯೂಟರಿಗೆ ವಿಭೂತಿ ಹಚ್ಚಿದರು. ಒಂದೊಂದೇ ಕಂಪ್ಯೂಟರಿನ ಗುಂಡಿ ಒತ್ತುತ್ತ ಬಂದರು. ಒಂದಕ್ಕೂ ಬೇರೆ ಕೆಲಸ ಕೊಡಲಿಲ್ಲ, ತಪಾಸಣೆಯಷ್ಟೇ ನಡೆಯಿತು. ಕಾದ ಧೂಳಿನ ವಾಸನೆಯಲ್ಲಿ, ಗುಂಯ್ ಎನ್ನುವ ಸದ್ದಿನ ನಡುವೆ ಮಧ್ಯಾಹ್ನದವರೆಗೆ ಒಬ್ಬರೇ ಕೂತಿದ್ದರು.

ಚಹಾದ ಹೊತ್ತಿಗೆ ವಿಭಾಗದ ಎಲ್ಲರನ್ನೂ ಕರೆದರು. ಮನೆಯಿಂದ ಹೋಳಿಗೆ ತಂದಿದ್ದರು. ಮೊದಲನೆಯದನ್ನು ಗ್ರೇಸಳ ಕೈಗಿಟ್ಟರು.

“ಅವತ್ತ ನಿಮ್ಮೆಲ್ಲಾರ ಮುಂದ ಈಕಿ ಎತ್ತು ಕುಂಟ ಅಂದಿದ್ದೆ. ಇವತ್ತೂ ಎಲ್ಲಾರ ಮುಂದನ ಹೇಳತೇನಿ. ಎತ್ತು ಕುಂಟಲ್ಲ. ಹೂಡಿದಾವ ಕುಂಟ.”

ಡೊಂಕು ನೆಲದ ಗಾದೆ ಹೇಳಿದವರು ನೆಲವನ್ನೇ ನೋಡುತ್ತಿದ್ದರು. ಗ್ರೇಸಳ ಕಣ್ಣು ತುಂಬಿತ್ತು, ಆದರೂ ತುಂಟತನ ಬಿಡಲಿಲ್ಲ. “ಸೋಮವಾರ ಹೋಳಿಗಿ ತಿನಸೂದು ಎತ್ತಿಗಲ್ರಿ ಸರ್, ನನಗ್ಯಾಕ?” ಎಂದಳು. ಸರ್ ಎಷ್ಟು ಜೋರಾಗಿ ನಕ್ಕರೆಂದರೆ ಪಕ್ಕದ ವಿಭಾಗದವರು ಇಣುಕಿ ನೋಡಿದರು.

ಮಂಗಳವಾರ ಓಟ ಸರಿಯಾಗಿ ಆಯಿತು. ಆಮೇಲಿನ ಮಂಗಳವಾರಗಳಲ್ಲೂ ಆಯಿತು. ಜೂನ್ ಮುಗಿಯುವ ಮೊದಲೇ, ಮುಂಗಾರು ಹಿಡಿದ ಒಂದು ದಿನ, ಪ್ಲಾಸ್ಟಿಕ್ ಸುತ್ತಿದ ಪ್ರಬಂಧವನ್ನು ಎದೆಗವಚಿಕೊಂಡು ಗ್ರೇಸ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದಳು. ಕೊಡೆ ಹಿಡಿದವಳು ನಾನು. ನಾನು ಪೂರ್ತಿ ತೊಯ್ದೆ, ಪ್ರಬಂಧಕ್ಕೆ ಒಂದು ಹನಿಯೂ ತಾಗಲಿಲ್ಲ.

ಇದಿಷ್ಟೂ ಆ ಕುರ್ಚಿಯಲ್ಲಿ ಕೂತವಳ ತಲೆಯೊಳಗೆ ಓಡಿಹೋಯಿತು. ಸರ್ ನಿವೃತ್ತರಾಗಿ ಊರ ಹೊಲದಲ್ಲಿ ಹಾಯಾಗಿದ್ದಾರೆ. ಈ ಕಂಪ್ಯೂಟರುಗಳೂ ಹೊಸವು. ನಾನು ಗ್ರೇಸಳನ್ನು ಕೇಳಿಯೇಬಿಟ್ಟೆ.

“ಈಗೆಲ್ಲಾ ತಪಾಸಣಿ ತಾನ ಆಗತದ, ಯಾವ ವಾರದ ಹಂಗೂ ಇಲ್ಲ. ಮತ್ತ ಇದೇನ ನಿನ್ನ ನಾಟಕ? ಹಚ್ಚಿ ಇಟ್ಟು ಖಾಲಿ ಕೂಡಸೂದು?”

“ಗೊತ್ತೈತಿ,” ಎಂದಳು ಗ್ರೇಸ್.

“ಮೊದಲನೇ ಮಷೀನಿಗೆ ವಿಭೂತಿ ಬ್ಯಾರೆ! ನಿನ್ನಿ ಚರ್ಚಿಗೆ ಹೋಗಿದ್ಯೋ ಇಲ್ಲೋ?”

“ಹೋಗಿದ್ದೆ. ಹಾಡಿ ಬಂದೇನಿ. ವಿಭೂತಿ ಸರ್ ಮನಿಯಿಂದ ಬರತೈತಿ.” ನಗುತ್ತಲೇ ಅಂದಳು. ಆಮೇಲೆ ನಗು ನಿಲ್ಲಿಸಿದಳು. “ಸುಧಾ, ಅಷ್ಟ ವರ್ಷ ಹಿಡಿದ ವಾರಾನ ಅವರು ನನ್ನ ಸಲುವಾಗಿ ಒಂದ ದಿನದಾಗ ಬದಲ ಮಾಡಿದ್ರು. ಒಂದ ಮಾತ ಆಡಲಿಲ್ಲ. ಅವರ ಸಲುವಾಗಿ ನಾ ಒಂದು ವಾರ ಹಿಡೀಬಾರದೇನು?”

ನಾನು ಕೀಬೋರ್ಡಿನ ಮೇಲಿಂದ ಕೈ ತೆಗೆದೆ.